ಚಿಕ್ಕಮ್ಮನ ಮನೆಯ ‘ಎಲೆಕ್ಟ್ರಾನ್’ ಫಿಲ್ಟರು

ನೀರು ಚೆನ್ನಾಗಿಯೇ ಬರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೇಳೆ ಬೇಗ ಬೇಯುತ್ತದೆ, ಟೀ ಮೇಲೆ ಪೊರೆ ಕಟ್ಟುವುದಿಲ್ಲ, ಚಿಕ್ಕಪ್ಪನ ಸ್ಟೀಲ್ ಲೋಟದ ತಳದಲ್ಲಿ ಬಿಳಿ ಉಂಗುರ ನಿಲ್ಲುವುದಿಲ್ಲ. ಇಷ್ಟಕ್ಕೇ ದುಡ್ಡು ಕೊಟ್ಟಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಚಿಕ್ಕಮ್ಮ ದುಡ್ಡು ಕೊಟ್ಟಿದ್ದು ನೀರಿಗಲ್ಲ, ಎಲೆಕ್ಟ್ರಾನಿಗೆ. 18,500 ರೂಪಾಯಿ. ಇದೇ ಪಂಪು, ನೀರು ಸೋಸುವ ಇದೇ ಮೆಂಬ್ರೇನು, ಇದೇ ಪ್ಲಾಸ್ಟಿಕ್ ಡಬ್ಬಿ, ಸ್ಟಿಕ್ಕರ್ ಒಂದಿಲ್ಲದೆ ದಾವಣಗೆರೆಯಲ್ಲಿ ನಮ್ಮ ಮನೆ ಹತ್ತಿರದ ಅಂಗಡಿಯವನು 9,000ಕ್ಕೆ ಕೊಡುತ್ತೇನೆ ಅಂದ. ಉಳಿದ ಒಂಬತ್ತೂವರೆ ಸಾವಿರ ಆ ಸ್ಟಿಕ್ಕರಿನ ಬೆಲೆ.

ಸ್ಟಿಕ್ಕರ್ ಮೇಲೆ ಬರೆದಿರುವುದು: ‘ಇ-ಬೀಮ್ ಚೇಂಬರ್’. ಅಂದರೆ ಎಲೆಕ್ಟ್ರಾನ್ ಕಿರಣದ ಕೋಣೆ. ಕೆಳಗೆ ಒಂದು ನೀಲಿ ಮಿಂಚಿನ ಚಿತ್ರ.

ಬೇರೆ ಯಾರ ಮನೆಯಲ್ಲಾದರೂ ಇದು ನಡೆದುಹೋಗುತ್ತಿತ್ತೇನೋ. ಆದರೆ ನಾನು ದಾವಣಗೆರೆಯಲ್ಲಿ ಬಿ.ಎಸ್ಸಿ. ಮುಗಿಸಿ, ನವಿ ಮುಂಬೈ ಕಡೆ ಒಂದು ಸ್ಟೆರಿಲೈಸೇಷನ್ ಘಟಕದಲ್ಲಿ ಒಂಬತ್ತು ವರ್ಷ ದುಡಿದು ಬಂದವಳು. ಸಿರಿಂಜು, ಗ್ಲೌಸು, ಆಪರೇಷನ್ ಬಟ್ಟೆ ತುಂಬಿದ ರಟ್ಟಿನ ಪೆಟ್ಟಿಗೆಗಳು ಬೆಲ್ಟಿನ ಮೇಲೆ ಕೂತು ಎಲೆಕ್ಟ್ರಾನ್ ಕಿರಣದ ಕೆಳಗೆ ಹಾದು ಬರುತ್ತಿದ್ದವು. ನನ್ನ ಕೆಲಸ ಡೋಸ್ ಲ್ಯಾಬಿನಲ್ಲಿ. ಪೆಟ್ಟಿಗೆಯೊಳಗೆ ಇಟ್ಟ ಬೆರಳುಗುರಿನಷ್ಟು ಫಿಲ್ಮ್ ಚೂರನ್ನು ಚಿಮಟದಲ್ಲಿ ತೆಗೆದು ಮೀಟರಿನಲ್ಲಿ ಓದುವುದು. ಒಳಹೋಗುವಾಗ ಅದಕ್ಕೆ ಬಣ್ಣವಿಲ್ಲ, ಹೊರಬಂದಾಗ ನೀಲಿ. ಎಷ್ಟು ನೀಲಿಯೋ ಅಷ್ಟು ಡೋಸು, ಅಂದರೆ ಪೆಟ್ಟಿಗೆಗೆ ಬಿದ್ದ ಕಿರಣದ ಪ್ರಮಾಣ. ದಿನಕ್ಕೆ ನೂರಾರು ನೀಲಿ ಚೂರು ನೋಡಿ ನೋಡಿ, ಮೊದಮೊದಲು ಕನಸಿನಲ್ಲೂ ಅವೇ ಬರುತ್ತಿದ್ದವು. ಅಪ್ಪನಿಗೆ ಪಾರ್ಶ್ವವಾಯು ಆದಮೇಲೆ ಊರಿಗೆ ಬಂದೆ. ಈಗ ಹೈಸ್ಕೂಲು ಮಕ್ಕಳಿಗೆ ವಿಜ್ಞಾನದ ಮನೆಪಾಠ.

ಶ್ರಾವಣದಲ್ಲಿ ಪಂಚಮಿ ಉಂಡೆ ಕೊಟ್ಟು ಬರೋಣ ಅಂತ ಚಿತ್ರದುರ್ಗಕ್ಕೆ ಹೋದೆ. ಚಿಕ್ಕಮ್ಮನ ಮನೆ ತುರುವನೂರು ರಸ್ತೆ ಕಡೆ. ಚಪ್ಪಲಿ ಬಿಡುವ ಮುಂಚೆಯೇ ಅಡುಗೆಮನೆಗೆ ಎಳಕೊಂಡು ಹೋದಳು.

“ನೋಡೇ, ನಿಮ್ ಮುಂಬೈ ಮಷೀನು ನಮ್ಮನಿಗೇ ಬಂದೈತೆ. ನೀನು ಹೇಳ್ತಿದ್ದೆಲ್ಲ ಎಲೆಕ್ಟ್ರಾನು ಗಿಲೆಕ್ಟ್ರಾನು, ಅದೇ ಇದು.”

ಗೋಡೆಗೆ ಎರಡು ಸ್ಕ್ರೂ ಹೊಡೆದು ನೇತುಹಾಕಿದ್ದ ಬಿಳಿ ಡಬ್ಬಿ. ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ನಾನು ಕೆಲಸ ಮಾಡಿದ ಮಷೀನು ಇದ್ದ ಕೋಣೆಯ ಗೋಡೆ ಎರಡು ಮೀಟರಿಗಿಂತ ದಪ್ಪದ ಕಾಂಕ್ರೀಟು. ಒಳಗೆ ಹೋಗುವ ದಾರಿ ನಮ್ಮ ದುರ್ಗದ ಕೋಟೆಯ ಬಾಗಿಲುಗಳ ಹಾಗೆ ಸೊಟ್ಟಕ್ಕೆ ತಿರುಗಿ ತಿರುಗಿ ಇರುತ್ತದೆ. ಕೋಟೆಯಲ್ಲಿ ಅದು ಶತ್ರುವಿನ ಆನೆ ನೇರ ನುಗ್ಗದಿರಲಿ ಅಂತ, ಇಲ್ಲಿ ಎಲೆಕ್ಟ್ರಾನು ಬಡಿದಾಗ ಹುಟ್ಟುವ ಎಕ್ಸ್-ರೇ ನೇರ ಹೊರಗೆ ಬರದಿರಲಿ ಅಂತ. ಮಷೀನ್ ನಿಲ್ಲಿಸಿದ ಮೇಲೂ ಓಜೋನ್ ವಾಸನೆ ಹೋಗುವವರೆಗೆ ಬಾಗಿಲು ತೆಗೆಯುವಂತಿಲ್ಲ. ಬೀಗದ ಕೈ ಒಬ್ಬರ ಜೇಬಿನಲ್ಲೇ ಇರಬೇಕು. ಅದು ಪ್ಯಾನೆಲ್ಲಿಗೆ ವಾಪಸ್ ಬರದೆ ಕಿರಣ ಹೊತ್ತುವುದಿಲ್ಲ. ಅಂಥದ್ದು ಚಿಕ್ಕಮ್ಮನ ಉಪ್ಪಿನಕಾಯಿ ಜಾಡಿಯ ಮೇಲೆ ನೇತಾಡುತ್ತಿದೆ!

ಮಾರಿದವನು ಮನೆಮನೆಗೆ ಬಂದವನು. ಟೈ ಕಟ್ಟಿದ್ದನಂತೆ, ‘ಅಮ್ಮಾ’ ಅಂತ ಬಾಯಿತುಂಬ ಕರೆದನಂತೆ. ಅವನು ಕೊಟ್ಟ ಪಾಂಪ್ಲೆಟ್ ಚಿಕ್ಕಮ್ಮ ದೇವರ ಕ್ಯಾಲೆಂಡರಿನ ಹಿಂದೆ ಜೋಪಾನ ಮಾಡಿದ್ದಳು. ಅದರಲ್ಲಿ ಇದ್ದ ಸಾಲು ಹೀಗೆ: ‘ಅಮೆರಿಕದ ವಿಜ್ಞಾನಿಗಳ ಎಲೆಕ್ಟ್ರಾನ್ ಬೀಮ್ ತಂತ್ರಜ್ಞಾನ. ಅಂತರ್ಜಲದ ಶಾಶ್ವತ ವಿಷ ಫ್ಲೋರೈಡ್ 100% ನಾಶ.’

ಈ ಸಾಲು ಬರೆದವನಿಗೆ ಒಂದು ಶಹಬ್ಬಾಸ್ ಕೊಡಬೇಕು. ಒಂದು ನಿಜದ ಸುದ್ದಿಯ ತಲೆಗೆ ಇನ್ನೊಂದು ನಿಜದ ಕಷ್ಟದ ಮುಂಡ ಜೋಡಿಸಿದ್ದಾನೆ. ತಲೆಯೂ ಸುಳ್ಳಲ್ಲ, ಮುಂಡವೂ ಸುಳ್ಳಲ್ಲ. ಜೋಡಿಸಿದ್ದು ಮಾತ್ರ ಸುಳ್ಳು.

ಮೊದಲು ತಲೆ. ‘ಶಾಶ್ವತ ರಾಸಾಯನಿಕ’ ಅಂತ ಪತ್ರಿಕೆಯವರು ಬರೆಯುವುದು ಪಿಎಫ್‌ಎಎಸ್ ಎಂಬ ದೊಡ್ಡ ಕುಟುಂಬವನ್ನು. 1938ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಅಕಸ್ಮಾತ್ತಾಗಿ ಟೆಫ್ಲಾನ್ ಕಂಡುಹಿಡಿದ. ಆ ವಂಶ ಬೆಳೆದು ದೋಸೆ ಅಂಟದ ತವಾ, ನೀರು ಹಿಡಿಯದ ಜಾಕೆಟ್ಟು, ಎಣ್ಣೆ ಇಳಿಯದ ಕಾಗದ, ವಿಮಾನ ನಿಲ್ದಾಣದಲ್ಲಿ ಪೆಟ್ರೋಲ್ ಬೆಂಕಿ ಆರಿಸುವ ನೊರೆ, ಎಲ್ಲಕ್ಕೂ ಬಂತು. ಇವುಗಳ ಗುಟ್ಟು ಒಂದೇ: ಕಾರ್ಬನ್ನಿಗೆ ಫ್ಲೋರಿನ್ ಕಟ್ಟಿದ ಗಂಟು. ಸಾವಯವ ರಸಾಯನಶಾಸ್ತ್ರದಲ್ಲಿ ಅದಕ್ಕಿಂತ ಬಿಗಿಯಾದ ಒಂಟಿ ಗಂಟು ಇಲ್ಲ. ಬಿಸಿಲಿಗೆ ಬಿಚ್ಚುವುದಿಲ್ಲ, ಬ್ಯಾಕ್ಟೀರಿಯಾ ಕಡಿಯುವುದಿಲ್ಲ, ಕುದಿಸಿದರೆ ಜಗ್ಗುವುದಿಲ್ಲ. ನೊರೆ ಸುರಿದ ಜಾಗದ ಮಣ್ಣಿನಿಂದ ಇಳಿದು ಬಾವಿ ಸೇರಿದರೆ ದಶಕಗಟ್ಟಲೆ ಅಲ್ಲೇ. ಇವುಗಳಲ್ಲಿ ಹೆಚ್ಚು ಕುಖ್ಯಾತವಾದ ಪಿಎಫ್‌ಓಎಸ್ 2009ರಲ್ಲಿ, ಪಿಎಫ್‌ಓಎ 2019ರಲ್ಲಿ ಬಹುಕಾಲ ಉಳಿಯುವ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿ ಸೇರಿದವು. 2024ರ ಏಪ್ರಿಲ್‌ನಲ್ಲಿ ಅಮೆರಿಕ ಕುಡಿಯುವ ನೀರಿನಲ್ಲಿ ಇವೆರಡಕ್ಕೂ ಹಾಕಿದ ಮಿತಿ ಲೀಟರಿಗೆ 4 ನ್ಯಾನೋಗ್ರಾಂ. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ, ಐದು ಸಾವಿರ ಲೀಟರಿನ ಐವತ್ತು ಸಾವಿರ ಟ್ಯಾಂಕರು ಸಾಲಾಗಿ ನಿಲ್ಲಿಸಿ, ಅಷ್ಟಕ್ಕೂ ಸೇರಿ ಒಂದೇ ಒಂದು ಗ್ರಾಂ.

ಈ ಗಂಟು ಬಿಚ್ಚಲು ಎಲೆಕ್ಟ್ರಾನ್ ಕಿರಣ ಬಳಸಬಹುದು ಎಂಬುದು ನಿಜ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಸುರೇಶ್ ಪಿಳ್ಳೈ ಅವರ ಗುಂಪು ಹೊಲಸಾದ ಮಣ್ಣು ಮತ್ತು ಅಂತರ್ಜಲದ ಮೇಲೆ ಇದನ್ನು ಮಾಡಿ ನೋಡಿ 2021ರಲ್ಲಿ ಪ್ರಕಟಿಸಿತು. ಶಿಕಾಗೋ ಹತ್ತಿರದ ಫರ್ಮಿಲ್ಯಾಬ್ ಎಂಬ ಕಣವಿಜ್ಞಾನ ಪ್ರಯೋಗಾಲಯದವರೂ ಈ ಕೆಲಸಕ್ಕೆ ಕೈಹಾಕಿದ್ದಾರೆ, ಅದೂ ತ್ರೀಎಂ ಕಂಪನಿ ಜೊತೆ. ಈ ರಾಸಾಯನಿಕಗಳನ್ನು ದಶಕಗಟ್ಟಲೆ ತಯಾರಿಸಿದ ಕಂಪನಿಯೇ ಅದು. ಚೆಲ್ಲಿದವರೇ ಒರೆಸುವ ಬಟ್ಟೆ ಹುಡುಕುತ್ತಿದ್ದಾರೆ, ಇರಲಿ.

ಕಿರಣ ನೀರಿಗೆ ಬಿದ್ದಾಗ ನಡೆಯುವುದು ನನಗೆ ಬಹಳ ಇಷ್ಟವಾದ ವಿಷಯ, ಸ್ವಲ್ಪ ಸಹಿಸಿಕೊಳ್ಳಿ. ವೇಗದ ಎಲೆಕ್ಟ್ರಾನು ನೇರವಾಗಿ ಹೋಗಿ ವಿಷದ ಕಣವನ್ನೇ ಹೊಡೆಯುವುದು ಅಪರೂಪ. ಅದು ನೀರನ್ನು ಒಡೆಯುತ್ತದೆ. ನೀರು ಒಡೆದ ಕ್ಷಣದಲ್ಲಿ ಎರಡು ಬಗೆಯ ಪುಂಡರು ಹುಟ್ಟುತ್ತಾರೆ. ಒಬ್ಬ ಹೈಡ್ರಾಕ್ಸಿಲ್ ರ‍್ಯಾಡಿಕಲ್, ಸಿಕ್ಕಿದ್ದನ್ನು ಸುಡುವವನು. ಇನ್ನೊಬ್ಬ, ನೀರಿನ ಕಣಗಳು ಸುತ್ತುವರಿದು ನಿಂತ ಒಂಟಿ ಎಲೆಕ್ಟ್ರಾನು. ಸಿಕ್ಕವರ ಮೇಲೆ ತನ್ನ ಋಣಭಾರ ಹೊರಿಸಿಬಿಡುವವನು. ಬಟ್ಟೆ ಗಿರಣಿಯ ಬಣ್ಣದ ನೀರಿಗೆ ಮೊದಲನೆಯವನೇ ಸಾಕು. ದಕ್ಷಿಣ ಕೊರಿಯಾದ ಡೇಗುವಿನಲ್ಲಿ ದಿನಕ್ಕೆ ಒಂದು ಕೋಟಿ ಲೀಟರ್ ಬಣ್ಣದ ನೀರನ್ನು ಎಲೆಕ್ಟ್ರಾನ್ ಕಿರಣಕ್ಕೆ ಒಡ್ಡುವ ಘಟಕ ಕಟ್ಟಿದ್ದರು. ಚೀನಾದ ಗುವಾಂಗ್‌ಡಾಂಗ್‌ನಲ್ಲಿ 2020ರಲ್ಲಿ ದಿನಕ್ಕೆ ಮೂರು ಕೋಟಿ ಲೀಟರಿನದು ಶುರುವಾಯಿತು. ಶಾಶ್ವತ ರಾಸಾಯನಿಕದ ಮುಂದೆ ಮಾತ್ರ ಈ ಸುಡುವವನ ಆಟ ಅಷ್ಟಾಗಿ ನಡೆಯುವುದಿಲ್ಲ. ಅಲ್ಲಿ ಬೇಕಾದವನು ಎರಡನೆಯವನು. ಅವನು ಕಾರ್ಬನ್-ಫ್ಲೋರಿನ್ ಗಂಟಿಗೇ ಎಲೆಕ್ಟ್ರಾನ್ ತಳ್ಳಿ, ಫ್ಲೋರಿನ್ ಅನ್ನು ಫ್ಲೋರೈಡ್ ಮಾಡಿ ಹೊರಗೆ ದಬ್ಬುತ್ತಾನೆ.

ಈಗ ಅರ್ಥವಾಯಿತಲ್ಲ? ಶಾಶ್ವತ ರಾಸಾಯನಿಕ ಒಡೆದಾಗ ಕೊನೆಗೆ ಉಳಿಯುವುದೇ ಫ್ಲೋರೈಡ್. ಪಾಂಪ್ಲೆಟ್ಟಿನವನು ಅದನ್ನೇ ‘ನಾಶ’ ಮಾಡುತ್ತೇನೆ ಅಂತ ಹೊರಟಿದ್ದಾನೆ. ಬೂದಿಯನ್ನು ಸುಟ್ಟು ತೋರಿಸುತ್ತೇನೆ ಅಂದ ಹಾಗಾಯಿತು.

ಇನ್ನು ಮುಂಡ. ನಮ್ಮ ಚಿತ್ರದುರ್ಗದ ಬೋರ್‌ವೆಲ್‌ಗಳ ಫ್ಲೋರೈಡ್ ಯಾವ ಕಾರ್ಖಾನೆಯಿಂದಲೂ ಬಂದದ್ದಲ್ಲ. ಕಲ್ಲಿನಿಂದ ಬಂದದ್ದು. ಗ್ರಾನೈಟ್, ನೈಸ್ ಬಂಡೆಗಳಲ್ಲಿರುವ ಖನಿಜಗಳಿಂದ ನಿಧಾನಕ್ಕೆ ಕರಗಿ ನೀರಿಗೆ ಸೇರುತ್ತದೆ. ಬೋರು ಆಳ ಹೋದಷ್ಟೂ ನೀರು ಕಲ್ಲಿನ ಜೊತೆ ಹೆಚ್ಚು ಕಾಲ ಕಳೆದಿರುತ್ತದೆ. ಅದರಿಂದಾಗಿ ಚಿಕ್ಕಪ್ಪನ ಊರಿನ ಕಡೆ ಹಲ್ಲಿನ ಮೇಲೆ ಕಂದು ಗೆರೆ ಇಲ್ಲದ ಅವರ ವಯಸ್ಸಿನವರು ಕಡಿಮೆ. ಮೊಣಕಾಲು ಹಿಡಿದುಕೊಂಡವರೂ ಇದ್ದಾರೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಪಟ್ಟಣಕ್ಕೆ ಶಾಂತಿಸಾಗರ ಕೆರೆಯ ನೀರು, ವಾಣಿವಿಲಾಸ ಜಲಾಶಯದ ನೀರು ಬರುತ್ತದೆ ನಿಜ, ಆದರೆ ನಲ್ಲಿ ಬರುವ ದಿನ ಬರುತ್ತದೆ, ಬಾರದ ದಿನ ಬೋರೇ ಗತಿ. ಹಾಗಾಗಿ ಚಿಕ್ಕಮ್ಮನಿಗೆ ಇದ್ದ ಭಯ ಸುಳ್ಳು ಭಯವಲ್ಲ. ಅದನ್ನೇ ಮಾರಿಕೊಂಡರು, ನನ್ನ ಸಿಟ್ಟು ಅದಕ್ಕೇ.

ಊಟ ಮುಗಿದ ಮೇಲೆ ಚಿಕ್ಕಪ್ಪನ ಸ್ಕ್ರೂಡ್ರೈವರ್ ಇಸಿದುಕೊಂಡು, ಪ್ಲಗ್ ಕಿತ್ತು, ಮುಚ್ಚಳ ತೆಗೆದೆ. ಎಡಗಡೆಯಿಂದ ಮೊದಲಿಗೆ ಮಣ್ಣು ಹಿಡಿಯುವ ಕ್ಯಾಂಡಲ್, ಆಗಲೇ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಆಮೇಲೆ ಕಾರ್ಬನ್. ಆಮೇಲೆ ಬೂಸ್ಟರ್ ಪಂಪು, 24 ವೋಲ್ಟಿನದು. ಮಧ್ಯದಲ್ಲಿ ಲವಣ ತಡೆಯುವ ಆರ್‌ಒ ಮೆಂಬ್ರೇನು, ದಿನಕ್ಕೆ 75 ಗ್ಯಾಲನ್ನಿನದು, ಅಂದರೆ ಗಂಟೆಗೆ ಹನ್ನೆರಡು ಲೀಟರ್ ಹತ್ತಿರ. ಎಲ್ಲ ಸರಿಯಾದ ಸಾಮಾನು, ಪೈಪು ಜೋಡಿಸಿದ್ದೂ ಚೊಕ್ಕ. ಒಂದು ಕಡೆಯೂ ಜಿನುಗಿಲ್ಲ. ಜೋಡಿಸಿದ ಹುಡುಗ ಕೆಲಸ ಬಲ್ಲವನು, ಅವನಿಗೆ ಪೂರ್ತಿ ಅಂಕ.

ಬಲಗಡೆ ಇತ್ತು ‘ಇ-ಬೀಮ್ ಚೇಂಬರ್’. ಗೇಣುದ್ದದ ಸ್ಟೀಲ್ ಕೊಳವೆ. ತುದಿಯ ರಬ್ಬರ್ ಮುಚ್ಚಳ ಎಳೆದರೆ ಒಳಗೆ ಗಾಜಿನ ಸಣ್ಣ ಟ್ಯೂಬ್‌ಲೈಟು. 11 ವ್ಯಾಟಿನ ಯುವಿ (ಅತಿನೇರಳೆ) ದೀಪ, ಎಷ್ಟೋ ಫಿಲ್ಟರಲ್ಲಿ ಇರುವಂಥದ್ದೇ, ಬ್ಯಾಕ್ಟೀರಿಯಾ ಕೊಲ್ಲುವುದಕ್ಕೆ. ಅದರ ಬೆಳಕಿನ ಒಂದೊಂದು ಕಣದ ಶಕ್ತಿ ಐದು ಎಲೆಕ್ಟ್ರಾನ್‌ವೋಲ್ಟಿಗೂ ಕಡಿಮೆ. ನಮ್ಮ ಘಟಕದ ಒಂದೊಂದು ಎಲೆಕ್ಟ್ರಾನಿನದು ಒಂದು ಕೋಟಿ. ಇಪ್ಪತ್ತು ಲಕ್ಷ ಪಟ್ಟು ವ್ಯತ್ಯಾಸ. ಮನೆಯೊಳಗೆ ನಿಜವಾದ ಎಲೆಕ್ಟ್ರಾನ್ ಕಿರಣ ಇದ್ದದ್ದು ಹಳೇ ಡಬ್ಬಾ ಟಿವಿ ಕಾಲದಲ್ಲಿ. ಅದರ ಪಿಕ್ಚರ್ ಟ್ಯೂಬಿನ ಹಿಂಭಾಗದಿಂದ ಎಲೆಕ್ಟ್ರಾನುಗಳು ಇಪ್ಪತ್ತು ಇಪ್ಪತ್ತೈದು ಸಾವಿರ ವೋಲ್ಟಿನಲ್ಲಿ ಹೊರಟು ಪರದೆಗೆ ಬಡಿದು ಚಿತ್ರ ಮೂಡಿಸುತ್ತಿದ್ದವು. ಚಿಕ್ಕಮ್ಮ ಆ ಟಿವಿಯನ್ನು ಗುಜರಿಯವನಿಗೆ ಇನ್ನೂರೈವತ್ತಕ್ಕೆ ಕೊಟ್ಟಳು. ಎಲೆಕ್ಟ್ರಾನ್ ಕಿರಣ ಮಾರಿ ಟ್ಯೂಬ್‌ಲೈಟು ಕೊಂಡಿದ್ದಾಳೆ ನಮ್ಮ ಚಿಕ್ಕಮ್ಮ.

ಚಿಕ್ಕಪ್ಪ ನಂಬಲಿಲ್ಲ. “ಸಣ್ಣದಾಗಿ ಮಾಡಿರಬೋದಲ್ಲ? ಈಗ ಎಲ್ಲ ಸಣ್ಣದಾಗೈತಲ್ಲ, ಫೋನು ನೋಡು” ಅಂದರು. ಕೇಳಬೇಕಾದ ಪ್ರಶ್ನೆಯೇ. ಹಾಗಾಗಿ ಕೂತು ಲೆಕ್ಕ ಹಾಕಿದೆವು, ಪಂಚಾಂಗದ ಹಿಂದಿನ ಖಾಲಿ ಹಾಳೆ ಮೇಲೆ. ಚಿಕ್ಕಪ್ಪನಿಗೆ ಗೊತ್ತಿರುವುದು ಈರುಳ್ಳಿ, ಹಾಗಾಗಿ ಅಲ್ಲಿಂದಲೇ ಶುರು. ಈರುಳ್ಳಿ ಮೊಳಕೆ ಬಾರದಂತೆ ಮಾಡಲು ನಾಸಿಕ್ ಹತ್ತಿರದ ಲಾಸಲ್‌ಗಾಂವ್‌ನಲ್ಲಿ ವಿಕಿರಣ ಘಟಕ ಇದೆ, ಕೋಬಾಲ್ಟಿನದು. ಡೋಸಿನ ಅಳತೆ ಕಿಲೋಗ್ರೇ. ಅಲ್ಲಿ ಒಂದು ಕಿಲೋಗ್ರೇಯ ಹತ್ತನೇ ಒಂದು ಪಾಲಿನ ಆಸುಪಾಸು ಡೋಸು ಸಾಕು. ಸಿರಿಂಜಿನ ಕ್ರಿಮಿ ಸಾಯಲು ನಾವು ಕೊಡುತ್ತಿದ್ದದ್ದು 25 ಕಿಲೋಗ್ರೇ. ಶಾಶ್ವತ ರಾಸಾಯನಿಕ ಒಡೆಯಲು ಟೆಕ್ಸಾಸ್‌ನವರು ಕೊಟ್ಟದ್ದು ನೂರಾರು ಕಿಲೋಗ್ರೇ, ಮಣ್ಣಿಗಂತೂ 2,000ದವರೆಗೆ.

ಒಂದು ಕಿಲೋಗ್ರೇ ಅಂದರೆ ಗ್ರಾಂ ಒಂದಕ್ಕೆ ಒಂದು ಜೂಲ್ ಶಕ್ತಿ. ನೀರಿಗೆ 500 ಕಿಲೋಗ್ರೇ ಕೊಟ್ಟರೆ, ಅಷ್ಟು ಶಕ್ತಿ ಒಟ್ಟಿಗೇ ಹೋದರೆ, ಬರೀ ಆ ಬಿಸಿಗೇ ನೀರು ಕುದಿದುಹೋಗುತ್ತದೆ. 2,000ಕ್ಕೆ ಬಹುಪಾಲು ಆವಿಯೇ ಆದೀತು. ಇಪ್ಪತ್ತು ಲೀಟರಿನ ಒಂದು ಕ್ಯಾನಿಗೆ 500 ಕಿಲೋಗ್ರೇ ಅಂದರೆ ಎರಡೂ ಮುಕ್ಕಾಲು ಯೂನಿಟ್ ಕರೆಂಟು, ಅದೂ ಒಂದಿಷ್ಟೂ ಪೋಲಾಗದಿದ್ದರೆ. ಈಗ ಚಿಕ್ಕಮ್ಮನ 11 ವ್ಯಾಟಿನ ದೀಪ ನಿಜವಾಗಿಯೂ ಎಲೆಕ್ಟ್ರಾನ್ ಕಿರಣ ಅಂತಲೇ ಇಟ್ಟುಕೊಳ್ಳೋಣ, ಅದರ ಎಲ್ಲ ಶಕ್ತಿಯೂ ನೀರಿಗೇ ಇಳಿಯಿತು ಅನ್ನೋಣ. ಒಂದು ಲೋಟ ನೀರಿಗೆ ಎರಡೂವರೆ ಗಂಟೆ. ಒಂದು ಕ್ಯಾನಿಗೆ ಹತ್ತೂವರೆ ದಿನ, ಹಗಲೂ ರಾತ್ರಿ. ಚಿಕ್ಕಪ್ಪ ಹಾಳೆ ತಿರುಗಿಸಿ ಎರಡು ಸಲ ಕೂಡಿಸಿ ನೋಡಿದರು. “ಅಲ್ಲಿವರೆಗೆ ಬಾಯಾರಿಕೆ ಆದ್ರೆ?” ಅಂದರು. ಅಲ್ಲಿಗೆ ಒಪ್ಪಿದರು ಅಂತ ಅರ್ಥ.

ಇನ್ನೂ ಒಂದು ತೊಡಕಿದೆ, ಅದು ಕೆಲಸ ಮಾಡಿದವರಿಗೇ ಗೊತ್ತಾಗುವಂಥದ್ದು. ಒಂದು ಕೋಟಿ ವೋಲ್ಟಿನ ಎಲೆಕ್ಟ್ರಾನು ಕೂಡ ನೀರಿನಲ್ಲಿ ನಾಲ್ಕೈದು ಸೆಂಟಿಮೀಟರ್ ಹೋಗುವಷ್ಟರಲ್ಲಿ ಸುಸ್ತಾಗಿ ನಿಂತುಬಿಡುತ್ತದೆ. ಹಾಗಾಗಿ ನೆಲದೊಳಗಿನ ನೀರಿಗೆ ನೆಲದಲ್ಲೇ ಕಿರಣ ಬಿಡುವುದು ಆಗದ ಮಾತು. ಮೇಲೆತ್ತಬೇಕು, ತೆಳ್ಳಗೆ ಹರಿಸಬೇಕು. ಮಣ್ಣಾದರೆ ಅಗೆದು ತಂದು ಹಪ್ಪಳದ ಹಾಗಲ್ಲದಿದ್ದರೂ ರೊಟ್ಟಿಯ ಹಾಗಾದರೂ ಹರಡಬೇಕು. ನೀರಿನಲ್ಲಿ ಕರಗಿದ ಆಮ್ಲಜನಕ, ನೈಟ್ರೇಟ್ ಇದ್ದರೆ ಆ ಎರಡನೇ ಪುಂಡನನ್ನು ಅವೇ ಮೊದಲು ಹಿಡಿದು ತಿನ್ನುತ್ತವೆ, ವಿಷದವರೆಗೆ ಅವನು ತಲುಪುವುದೇ ಇಲ್ಲ. ಯೂರಿಯಾ ಸುರಿದ ಹೊಲಗಳ ನಡುವಿನ ಬೋರ್ ನೀರಿನಲ್ಲಿ ನೈಟ್ರೇಟಿಗೆ ಬರವೇ? ಹಾಗಾಗಿ ಈ ವಿದ್ಯೆ ಪ್ರಯೋಜನಕ್ಕೆ ಬರುವುದು ಬೇರೆ ಕಡೆ. ನೊರೆ ಸುರಿದು ಹಾಳಾದ ಜಾಗದ ಮಣ್ಣು, ಫಿಲ್ಟರುಗಳು ಹಿಡಿದು ಗಟ್ಟಿ ಮಾಡಿದ ಕೊಳಕು, ಇಂಥ ಸ್ವಲ್ಪ ಜಾಗದಲ್ಲಿ ಬಹಳ ವಿಷ ಇರುವ ಕಡೆ. ಕಾರ್ಬನ್ನೂ ಮೆಂಬ್ರೇನೂ ಶಾಶ್ವತ ರಾಸಾಯನಿಕವನ್ನು ಹಿಡಿಯುತ್ತವೆ, ಆದರೆ ಕೊಲ್ಲುವುದಿಲ್ಲ. ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಇಡುತ್ತವೆ. ಕೊಲ್ಲುವ ಕೆಲಸಕ್ಕೆ ಎಲೆಕ್ಟ್ರಾನಿನಂಥದ್ದು ಬೇಕು. ಅದು ದೊಡ್ಡ ಕೆಲಸ, ಅದರ ಬಗ್ಗೆ ನನಗೆ ಗೌರವ ಇದೆ. ಅದಕ್ಕೇ ಆ ಸ್ಟಿಕ್ಕರ್ ಕಂಡರೆ ಉರಿಯುತ್ತದೆ.

ಪರೀಕ್ಷೆಯನ್ನೂ ಮಾಡಿಸಿದೆ. ಎರಡು ತೊಳೆದ ಬಾಟಲಿಯಲ್ಲಿ ಬೋರ್ ನೀರು ಒಂದು, ಮಷೀನ್ ನೀರು ಒಂದು ತುಂಬಿ ಕೊಟ್ಟು, ಫಲಿತಾಂಶ ತಂದೆ. ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಬೋರಿನದು ಫ್ಲೋರೈಡ್ 2.1, ಟಿಡಿಎಸ್ (ಕರಗಿದ ಒಟ್ಟು ಲವಣ) 1,140. ಮಷೀನಿನದು ಫ್ಲೋರೈಡ್ 0.2, ಟಿಡಿಎಸ್ 62. ಅಂದರೆ ಮೆಂಬ್ರೇನು ತನ್ನ ಕೆಲಸ ಅಚ್ಚುಕಟ್ಟಾಗಿ ಮಾಡುತ್ತಿದೆ. ಆಮೇಲೆ ಯುವಿ ದೀಪದ ವೈರ್ ಬಿಚ್ಚಿ, ‘ಇ-ಬೀಮ್’ ಪೂರ್ತಿ ಆರಿಸಿ, ಇನ್ನೊಂದು ಬಾಟಲಿ ಹಿಡಿದೆ. ಅದೇ 0.2. ಫ್ಲೋರೈಡ್ ನಾಶವಾಗಿಲ್ಲ, ಅದು ರಿಜೆಕ್ಟ್ ಪೈಪಿನಲ್ಲಿ ಹೊರಗೆ ಹೋಗುತ್ತಿದೆ, ಅಷ್ಟೇ. ಒಂದು ಲೀಟರ್ ಒಳ್ಳೆ ನೀರಿಗೆ ಎರಡೂವರೆ ಲೀಟರ್ ಹೊರಗೆ. ನಾನೇ ಬಕೆಟ್ ಇಟ್ಟು ಅಳೆದೆ. ಮಾರಲು ಬಂದವನು ಆ ಪೈಪನ್ನು ಸೀದಾ ಕುಡಿಯುವ ನೀರಿನ ಹಳೇ ಕೊಡದೊಳಗೆ ಬಿಟ್ಟು “ಇದನ್ನ ದನಕ್ಕೆ ಕುಡಿಸಿ ಅಮ್ಮಾ” ಅಂದಿದ್ದನಂತೆ. ಬೋರಿಗಿಂತ ಗಟ್ಟಿಯಾದ ನೀರು ಅದು! ದನಕ್ಕೂ ಹಲ್ಲಿದೆ, ಮೂಳೆ ಇದೆ. ಈಗ ಅದು ಪಾತ್ರೆ ತೊಳೆಯಲು, ಅಂಗಳ ಸಾರಿಸಲು ಹೋಗುತ್ತಿದೆ.

ಇನ್ನು ಸರ್ವಿಸ್ ವಿಷಯ. ಮೂರು ತಿಂಗಳಿಗೆ ಉಚಿತ ಸರ್ವಿಸ್ ಅಂದಿದ್ದರು, ನಾಲ್ಕು ಸಲ ಫೋನ್ ಮಾಡಿದ ಮೇಲೆ ಬಂದರು. ಅದೃಷ್ಟಕ್ಕೆ ನಾನು ಇದ್ದ ದಿನವೇ. ಹುಡುಗನ ಜೊತೆ ಆ ಟೈ ಕಟ್ಟಿದವನೂ ಬಂದಿದ್ದ, ಎಎಂಸಿ, ಅಂದರೆ ವರ್ಷದ ನಿರ್ವಹಣೆಯ ಒಪ್ಪಂದ ಮಾಡಿಸಲು. 4,800. ಚಿಕ್ಕಮ್ಮ ಹಿಂದೆ ಸರಿಯುವುದು ಕಂಡು ಬ್ಯಾಗಿನಿಂದ ಕಡ್ಡಿ ಮಷೀನ್ ತೆಗೆದ. ನೀವೂ ನೋಡಿರುತ್ತೀರಿ: ನಾಲ್ಕು ಲೋಹದ ಕಡ್ಡಿ, ಒಂದು ಪ್ಲಗ್, ಎರಡು ಗಾಜಿನ ಲೋಟ. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಮಷೀನ್ ನೀರು. ಕರೆಂಟ್ ಹಾಕಿದ ಅರ್ಧ ನಿಮಿಷಕ್ಕೆ ನಲ್ಲಿ ನೀರು ಹಸಿರಾಗಿ, ಕಂದಾಗಿ, ಮೇಲೆ ಹೊಲಸು ನೊರೆ ಕಟ್ಟಿ ಚರಂಡಿ ಹಾಗಾಯಿತು. ಮಷೀನ್ ನೀರು ತಿಳಿಯಾಗೇ ಇತ್ತು.

“ನೋಡಿ ಅಮ್ಮಾ, ಎಲೆಕ್ಟ್ರಾನ್ ಹೋದ ತಕ್ಷಣ ನೀರೊಳಗಿನ ವಿಷ ಎಲ್ಲ ಮೇಲೆ ಬಂತು. ಇದನ್ನೇ ಇಷ್ಟು ದಿನ ಕುಡೀತಿದ್ರಿ.”

ಚಿಕ್ಕಮ್ಮ ಸೆರಗು ಬಾಯಿಗೆ ಇಟ್ಟುಕೊಂಡಳು. ಏಪ್ರಿಲ್‌ನಲ್ಲಿ ಮಷೀನ್ ಕೊಂಡಾಗ ಅವಳು ಮರುಳಾಗಿ ಬಿದ್ದದ್ದೂ ಇದೇ ಲೋಟಕ್ಕೆ.

ನಾನು ಏನೂ ಮಾತಾಡದೆ ಒಲೆ ಪಕ್ಕದ ಡಬ್ಬಿಯಿಂದ ಒಂದು ಚಿಟಿಕೆ ಉಪ್ಪು ತಂದೆ. “ಅಣ್ಣಾ, ನಿಮ್ಮ ಮಷೀನ್ ನೀರಿಗೆ ಇದನ್ನ ಹಾಕಿ ಇನ್ನೊಂದ್ಸಲ ಮಾಡ್ರಿ.” ಅವನು ಟೈಮಿಲ್ಲ ಅಂದ. ಚಿಕ್ಕಪ್ಪ ಬಾಗಿಲ ಬಳಿ ಕುರ್ಚಿ ಎಳೆದುಕೊಂಡು ಕೂತರು. ಮಾಡಿದ. ಅದೇ ತಿಳಿ ನೀರು, ಬರೀ ಅಡುಗೆ ಉಪ್ಪು ಹಾಕಿದ್ದು, ನೋಡನೋಡುತ್ತ ಹಸಿರು, ಆಮೇಲೆ ಕಂದು, ಆಮೇಲೆ ನೊರೆ. ಮೊದಲನೇ ಲೋಟಕ್ಕಿಂತ ಜೋರಾಗಿಯೇ ಬಂತು.

ಆ ಕಂದು ಬಣ್ಣ ನೀರಿನದಲ್ಲ, ಕಡ್ಡಿಯದು. ಎರಡು ಕಡ್ಡಿ ಕಬ್ಬಿಣದವು. ಉಪ್ಪಿನಂಶ ಇರುವ ನೀರಿನಲ್ಲಿ ಕರೆಂಟ್ ಹರಿಯುತ್ತದೆ, ಕಬ್ಬಿಣ ಕರಗಿ ತುಕ್ಕಾಗುತ್ತದೆ. ಮೆಂಬ್ರೇನ್ ದಾಟಿದ ನೀರಿನಲ್ಲಿ ಲವಣ ಕಡಿಮೆ, ಕರೆಂಟ್ ಹೆಚ್ಚು ಹರಿಯುವುದಿಲ್ಲ, ಬಣ್ಣವೂ ಅಷ್ಟಾಗಿ ಬರುವುದಿಲ್ಲ. ಒಳ್ಳೆ ಎಳನೀರು ಹಾಕಿದರೂ ಕಂದಾಗುತ್ತದೆ. ಹತ್ತನೇ ಕ್ಲಾಸಿನ ಪಾಠ ಇದು, ನಮ್ಮ ಮನೆಪಾಠದ ಮಕ್ಕಳೇ ಹೇಳಿಯಾರು. (ಬ್ಯಾಟರಿಯಲ್ಲಿ ಮಾಡಿ ನೋಡಬಹುದು; ಮನೆಯ ಪ್ಲಗ್ಗಿಗೆ ಕಡ್ಡಿ ಸಿಕ್ಕಿಸುವ ಸಾಹಸ ಯಾರೂ ಮಾಡಬೇಡಿ.) ಕಡ್ಡಿಗಳನ್ನು ಬಟ್ಟೆಯಲ್ಲಿ ಒರೆಸಿ ತೋರಿಸಿದೆ, ತಿಂದು ತಿಂದು ಸವೆದ ಪೆನ್ಸಿಲ್ ಹಾಗಿದ್ದವು. ಎಷ್ಟು ಮನೆಯಲ್ಲಿ ಕರಗಿದ್ದವೋ.

ಸರ್ವಿಸ್ ಹುಡುಗ ತಲೆ ತಗ್ಗಿಸಿಕೊಂಡು ಕ್ಯಾಂಡಲ್ ಬದಲಿಸುತ್ತಿದ್ದ. ಟೈ ಕಟ್ಟಿದವನು ಫೋನ್ ಬಂತು ಅಂತ ಹೊರಗೆ ಹೋದವನು ಒಳಗೆ ಬರಲಿಲ್ಲ. ಹುಡುಗನಿಗೆ ಚಿಕ್ಕಮ್ಮ ಉಂಡೆ ಕೊಟ್ಟಳು. ಅವನು ಹೋಗುವಾಗ ಮೆಲ್ಲಗೆ, “ಅಕ್ಕಾ, ಎಎಂಸಿ ಬ್ಯಾಡ. ಕ್ಯಾಂಡಲ್ಲು ಮೂರು ತಿಂಗಳಿಗೆ ನೀವೇ ಬದಲಿಸ್ಕೊಳ್ರಿ, ನೂರೈವತ್ತಕ್ಕೆ ಸಿಗ್ತೈತೆ. ಮೆಂಬ್ರೇನು ನೀರು ಉಪ್ಪು ಅನ್ನಿಸಿದಾಗ ನೋಡಿದ್ರಾಯ್ತು” ಅಂದ. ಇಡೀ ಕಂಪನಿಯಲ್ಲಿ ನಿಜ ಹೇಳಿದ್ದು ಅವನೊಬ್ಬನೇ. ಅದಕ್ಕೇ ಕಂಪನಿಯ ಹೆಸರು ಇಲ್ಲಿ ಹಾಕುತ್ತಿಲ್ಲ, ಅವನ ಕೆಲಸ ಹೋದೀತು.

ಸ್ಟಿಕ್ಕರಿನ ಆ ಒಂಬತ್ತೂವರೆ ಸಾವಿರ ವಾಪಸ್ ಕೇಳಿದೆವು. ಸ್ಟಿಕ್ಕರಿನ ಫೋಟೋ, ಪಾಂಪ್ಲೆಟ್, ಪರೀಕ್ಷೆಯ ಚೀಟಿ ಮೂರನ್ನೂ ಕಳಿಸಿ, ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ ಅಂದಮೇಲೆ 6,000 ಬಂತು. ಉಳಿದ ಮೂರೂವರೆ ಸಾವಿರ ಹೋಯಿತು ಅಂತ ಚಿಕ್ಕಪ್ಪ ಬರೆದಿಟ್ಟರು, ಅದೇ ಪಂಚಾಂಗದ ಹಾಳೆ ಮೇಲೆ, ಹತ್ತೂವರೆ ದಿನದ ಲೆಕ್ಕದ ಕೆಳಗೆ.

ಅಂಕ ಕೊಡಲೇಬೇಕೆಂದರೆ: ಬರೀ ಆರ್‌ಒ ಮಷೀನ್ ಆಗಿ ಐದಕ್ಕೆ ನಾಲ್ಕು. ಒಂದು ಅಂಕ ಕಡಿಮೆ ರಿಜೆಕ್ಟ್ ನೀರಿಗೆ ಮತ್ತು ರಾತ್ರಿ ಪಂಪು ಗೊರಗೊರ ಅನ್ನುವುದಕ್ಕೆ. ಜೋಡಣೆಗೆ ಐದು. ಸರ್ವಿಸ್ ಕರೆಗೆ ಒಂದೂವರೆ. ‘ಇ-ಬೀಮ್’ಗೆ ಅಂಕ ಕೊಡಲು ಬರುವುದಿಲ್ಲ, ಇಲ್ಲದ ಮಗುವಿಗೆ ನಾಮಕರಣ ಮಾಡಿದ ಹಾಗಾದೀತು. ಬೋರ್ ನೀರು ಕುಡಿಯುವವರು ಮೊದಲು ಫ್ಲೋರೈಡ್ ಪರೀಕ್ಷೆ ಮಾಡಿಸಿ. ಹೆಚ್ಚಿದ್ದರೆ ಒಳ್ಳೆ ಮೆಂಬ್ರೇನಿನ ಸಾದಾ ಮಷೀನ್ ತಗೊಳ್ಳಿ, ಇಲ್ಲವೇ ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿ. ಒಳಗೆ ಇರುವುದು ಇದೇ ವಿದ್ಯೆ.

ಸ್ಟಿಕ್ಕರನ್ನು ನಾನು ಕೀಳಲು ಹೋದರೆ ಚಿಕ್ಕಮ್ಮ ಬಿಡಲಿಲ್ಲ. ಕಿತ್ತರೆ ಅಂಟು ಉಳಿದು ಜಿಡ್ಡು ಹಿಡಿಯುತ್ತದಂತೆ.

ಮೊನ್ನೆ ಫೋನ್ ಮಾಡಿದ್ದಳು. ಅದೇ ಟೈ ಕಟ್ಟಿದವನು ಹಿಂದಿನ ಬೀದಿಯಲ್ಲಿ ಟೀಚರಮ್ಮನ ಮನೆಗೆ ಬಂದಿದ್ದಾನಂತೆ, ಲೋಟ ಕೇಳುತ್ತಿದ್ದಾನಂತೆ. “ಇರು, ಆಮ್ಯಾಲೆ ಮಾತಾಡ್ತೀನಿ” ಅಂದಳು. ಫೋನ್ ಇಡುವ ಮುಂಚೆ ಚಿಕ್ಕಪ್ಪನಿಗೆ ಹೇಳಿದ್ದು ಕೇಳಿಸಿತು: “ರೀ, ಉಪ್ಪಿನ ಡಬ್ಬಿ ಎಲ್ಲಿಟ್ರಿ?”